ಗಿಟಾರ್ ಆಂಪಿಗೆ ಬೇಸ್ ಹಾಕಿ ನುಡಿಸಿದವರು ಇದ್ದೀರಾ?

ಮೈಸೂರು ಹುಡುಗ: ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್ ತಗೊಂಡೆ. ಆಂಪ್ಲಿಫೈಯರಿಗೆ ದುಡ್ಡು ಉಳಿದಿಲ್ಲ. ಅಣ್ಣನ 15 ವ್ಯಾಟಿನ ಗಿಟಾರ್ ಕಾಂಬೋ (ಆಂಪ್, ಸ್ಪೀಕರ್ ಒಂದೇ ಡಬ್ಬದಲ್ಲಿರೋದು) ಮನೆಯಲ್ಲಿದೆ, 8 ಇಂಚಿನ ಸ್ಪೀಕರ್. ರೂಮಿನಲ್ಲಿ ಮಾತ್ರ ಪ್ರಾಕ್ಟೀಸ್. ಅದಕ್ಕೇ ಹಾಕಿದರೆ ಏನಾದರೂ ಆಗುತ್ತಾ?

ಐದುತಂತಿ: ಬೇಡವೇ ಬೇಡ. ಗಣೇಶನ ಹಬ್ಬಕ್ಕೆ ತುಮಕೂರು ಕಡೆ ನಮ್ಮ ಆರ್ಕೆಸ್ಟ್ರಾ ಇತ್ತು. ಬೇಸ್ ಆಂಪ್ ತರುತ್ತೇವೆ ಅಂದಿದ್ದ ಸೌಂಡಿನವರು ಕೈಕೊಟ್ಟರು. ಗಿಟಾರಿಸ್ಟ್‌ನ 12 ಇಂಚಿನ ಕಾಂಬೋಗೆ ಹಾಕು ಅಂದವರೂ ಅವರೇ. ಎರಡನೇ ಹಾಡಿಗೇ ಟಪ್ ಟಪ್ ಶುರು. ಸ್ಪೀಕರಿನೊಳಗಿನ ಕಾಯಿಲ್ ಹೋಗಿ ಹಿಂದಿನ ಪ್ಲೇಟಿಗೆ ಬಡಿಯುತ್ತಿತ್ತು. ಜನ ಕುಣಿಯುತ್ತಿದ್ದಾರೆ, ನಿಲ್ಲಿಸುವ ಹಾಗಿಲ್ಲ. ಕೊನೆಗೆ ಸ್ಪೀಕರಿನ ಅದುರುವ ಕೋನಿನ ಅಂಚು ಹರಿದು ಬರೀ ಕರ್‌ರ್ ಅಂತ ಸದ್ದು.

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಹೊಸ ಕೋನ್ ಹಾಕಿಸಿದ್ದಕ್ಕೆ 1,800. ಆಟೋಗೆ 640. ಮನೆಗೆ ತಂದರೆ ಕಾಯಿಲ್ ಉಜ್ಜುತ್ತಿದೆ! ಮತ್ತೆ ಬಿಚ್ಚಿಸಿದ್ದಕ್ಕೆ 700. ಆಮೇಲೆ ಗಿಟಾರಿಸ್ಟ್ "ಟೋನ್ ಮೊದಲಿನ ಹಾಗಿಲ್ಲ" ಅಂತ ಹೊಸ ಸ್ಪೀಕರಿಗೇ ದುಡ್ಡು ಕೇಳಿದ. 7,200. ಆ ರಾತ್ರಿ ನನಗೆ ಸಿಕ್ಕ ಪೇಮೆಂಟ್ 1,500. ಸೌಂಡಿನವರು ಇವತ್ತಿಗೂ ಒಂದು ಪೈಸೆ ಬಿಚ್ಚಿಲ್ಲ.

ಧಾರವಾಡ ಗ್ರೂವ್: ಆಂಪ್ ಏನು ಮಾಡುತ್ತೆ ಪಾಪ, ವಾಲ್ಯೂಮ್ ಏರಿಸಿದವರನ್ನ ಕೇಳಿ. ನಾನು ಹಾಸ್ಟೆಲ್ಲಿನಲ್ಲಿ 20 ವ್ಯಾಟಿನ ಗಿಟಾರ್ ಕಾಂಬೋದಲ್ಲೇ ಕಲಿತವನು. ಗೇನ್ ಕೆಳಗೆ, ಬೇಸ್ ನಾಬ್ ಅರ್ಧಕ್ಕಿಂತ ಕಡಿಮೆ, ಪಕ್ಕದವರು ಮಾತಾಡಿದರೆ ಕೇಳಿಸುವಷ್ಟು ಸದ್ದು. ಈಗ ತಂಗಿ ಮಗ ಅದೇ ಆಂಪಿನಲ್ಲಿ ಗಿಟಾರ್ ನುಡಿಸುತ್ತಾನೆ, ಸ್ಪೀಕರಿಗೆ ಒಂದು ಗೀರೂ ಇಲ್ಲ. ಮೋಟರ್‌ಹೆಡ್‌ನ ಬೇಸಿಸ್ಟ್ ಲೆಮ್ಮಿ ಮಾರ್ಷಲ್ ಆಂಪಿನಲ್ಲೇ ಬಾರಿಸಿದವನು. ಅವನಿಗೆ ಯಾರಾದರೂ ಬೇಡ ಅಂದರಾ?

ಐದುತಂತಿ: ಅವನದು ಮಾರ್ಷಲ್ ಸೂಪರ್ ಬೇಸ್ ಸ್ವಾಮಿ. ಹೆಸರಲ್ಲೇ ಇದೆ. ನಿಮ್ಮ ಹಾಸ್ಟೆಲ್ ಡಬ್ಬ ಅಲ್ಲ.

ಧಾರವಾಡ ಗ್ರೂವ್: ಡಬ್ಬ ಗಿಬ್ಬ ಅನ್ನೋದು ಬೇಡ. ಫೆಂಡರ್‌ನವರು 1952ರಲ್ಲಿ ಬೇಸಿಗೇ ಅಂತ ಬೇಸ್‌ಮನ್ ಆಂಪ್ ತಂದರು, ಗಿಟಾರಿನವರು ಎತ್ತಿಕೊಂಡು ಹೋದರು. ಮಾರ್ಷಲ್‌ನ ಮೊದಲ ಆಂಪ್ ಜೆಟಿಎಂ45 ಕೂಡ ಅದನ್ನೇ ನೋಡಿ ಮಾಡಿದ್ದು. ಬೇಸ್ ಆಂಪ್, ಗಿಟಾರ್ ಆಂಪ್ ಅಂತ ಜಾತಿ ಮಾಡಿದವರು ನೀವೇ.

ಸೋಲ್ಡರ್ ಕೈ: ಸರ್ಕ್ಯೂಟಿಗೆ ಏನೂ ಆಗಲ್ಲ, ಹೋಗೋದು ಸ್ಪೀಕರ್. ಬೇಸಿನ ದಪ್ಪ ಇ ತಂತಿ 41 ಹರ್ಟ್ಸ್, ಗಿಟಾರಿನದು 82. ಒಂದು ಆಕ್ಟೇವ್ (ಸ್ಥಾಯಿ) ಕೆಳಗೆ ಅಷ್ಟೇ ಸದ್ದು ಬೇಕಂದರೆ ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕು. ಗಿಟಾರ್ ಸ್ಪೀಕರಿಗೆ ಅಷ್ಟು ಜಾಗವೇ ಇಲ್ಲ. ಹಿಂಭಾಗ ತೆರೆದ ಕಾಂಬೋ ಆದರೆ ಕೋನನ್ನು ತಡೆಯೋಕೆ ಒಳಗಿನ ಗಾಳಿಯೂ ಇರಲ್ಲ. ಅದಕ್ಕೇ ನಾನು 9,000ಕ್ಕೆ ಹಳೇ ಬೇಸ್ ಕಾಂಬೋ ತಗೊಂಡೆ. ಕರಕರ ಅನ್ನುತ್ತಿದ್ದ ನಾಬ್‌ಗಳ ಪಾಟ್‌ಗಳಿಗೆ 240, ಜ್ಯಾಕಿಗೆ 45, ಅಷ್ಟೇ. ಅದಕ್ಕೆ ಗಿಟಾರ್ ಹಾಕಿದರೂ ಏನೂ ಆಗಲ್ಲ. ಅಂದಹಾಗೆ ಐದುತಂತಿಯವರೇ, ಕಾಯಿಲ್ ಸೆಂಟರ್ ಮಾಡದೆ ಅಂಟು ಹಾಕಿದವರಿಗೆ 1,800 ಕೊಟ್ಟು, ಮೇಲೆ 700 ಬೇರೆ ಕೊಟ್ಟಿರಾ?

ಐದುತಂತಿ: ಕೊಡದೆ ಇನ್ನೇನು, ಸ್ಪೀಕರ್ ಅವರ ಹತ್ತಿರ ಬಿಟ್ಟು ಬರಬೇಕಿತ್ತಾ?

ಪಿಜಿ ಬೇಸಿಸ್ಟ್: ಆಂಪೇ ಯಾಕೆ? ನಾನು ಬೆಂಗಳೂರಿಗೆ ಬಂದಮೇಲೆ ಬೇಸನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ತಗೊಂಡೆ, 8,500. ಹೆಡ್‌ಫೋನ್ 3,200. ಕೇಬಲ್ ಎರಡು ಸಲ ಹೋಯಿತು, 900. ರಾತ್ರಿ ಹನ್ನೆರಡಕ್ಕೆ ನುಡಿಸಿದರೂ ಪಿಜಿ ಆಂಟಿಗೆ ಗೊತ್ತಾಗಲ್ಲ.

ಧಾರವಾಡ ಗ್ರೂವ್: 12,600 ಆಯಿತು. ಅಷ್ಟು ದುಡ್ಡಿದ್ದರೆ ಆ ಹುಡುಗ ಇಲ್ಲಿ ಕೇಳುತ್ತಿದ್ದನಾ? ಜೊತೆಗೆ ಹೆಡ್‌ಫೋನಿನಲ್ಲೇ ಕಲಿತವರು ಡ್ರಮ್ಮರ್ ಪಕ್ಕ ನಿಂತರೆ ಟೈಮಿಂಗ್ ಬಿಡುತ್ತಾರೆ.

ಪಿಜಿ ಬೇಸಿಸ್ಟ್: ತಾಳ ಹಿಡಿಸುವ ಮೆಟ್ರೊನೋಮ್ ಹಾಕಿ ಕಲಿತವನು ನಾನು. ಟೈಮಿಂಗ್ ಪಾಠ ಬೆರಳು ಬಿಟ್ಟು ಪಿಕ್ ಹಿಡಿಯುವವರಿಂದ ಬೇಡ.

ಧಾರವಾಡ ಗ್ರೂವ್: ನಾನು ಪಿಕ್ ಹಿಡಿಯುತ್ತೇನೆ ಅಂತ ಯಾರು ಹೇಳಿದ್ದು?

ಸೋಲ್ಡರ್ ಕೈ: ಪಿಕ್ ಹಿಡಿದರೆ ತಪ್ಪೇನಿದೆ? ನಾನೂ ಹಿಡಿಯುತ್ತೇನೆ. ಮತ್ತೆ ಐದುತಂತಿಯವರೇ, ಆ ಹರಿದ ಸ್ಪೀಕರ್ ಇನ್ನೂ ಇದ್ದರೆ ಹೇಳಿ, ಮ್ಯಾಗ್ನೆಟ್ಟಿಗೆ 300 ಕೊಡುತ್ತೇನೆ.

ಐದುತಂತಿ: 7,200 ಕೊಟ್ಟವನು ನಾನು, ಹಳೇ ಸ್ಪೀಕರ್ ಮಾತ್ರ ಗಿಟಾರಿಸ್ಟ್ ಮನೆಯಲ್ಲಿದೆ. ಅವನನ್ನೇ ಕೇಳಿ.