ಅಪ್‌ಡೇಟ್: ಅಜ್ಜಿಯ ಕವಡೆ ಮತ್ತೆ ಹೊರಬಂತು

ಕೆಲಸ ಹೋಗಿದೆ, ಅಜ್ಜಿ ತೀರಿಕೊಂಡಿದ್ದಾರೆ, ಮೈಸೂರಿನಲ್ಲಿ ಖರ್ಚಿಲ್ಲದೆ ಭಾನುವಾರ ಹೇಗೆ ಕಳೆಯಲಿ ಎಂದು ಕೇಳಿದ್ದೆ ಅಲ್ವಾ? ಚಾಮುಂಡಿ ಬೆಟ್ಟ ಹತ್ತಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಸುಮಾರು 1000 ಮೆಟ್ಟಿಲು. ಒಬ್ಬರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ನಮ್ಮಜ್ಜಿಯೂ ಹೀಗೇ ಬಗ್ಗಿ ಹಚ್ಚುತ್ತಿದ್ದರು. ಬಟ್ಟಲು ಹಿಡಿಯುವುದು ನನ್ನ ಕೆಲಸ. ದೊಡ್ಡ ನಂದಿ ಹತ್ತಿರ ಕೂತು ಅತ್ತುಬಿಟ್ಟೆ. ಆಮೇಲೆ ಮನಸ್ಸು ಸ್ವಲ್ಪ ಹಗುರಾಯಿತು.

ಸಂಜೆ 7ಕ್ಕೆ ಅರಮನೆ ದೀಪ. ಹೊರಗಿನಿಂದ ಸುಮ್ನೆ ನಿಂತು ನೋಡಿದೆ, ದುಡ್ಡು ಬೇಕಾಗಲಿಲ್ಲ.

ಜಾಸ್ತಿ ಖುಷಿ ಸಿಕ್ಕಿದ್ದು ಮನೆಯಲ್ಲೇ. ಪಕ್ಕದ ಮನೆ ಮಕ್ಕಳಿಗೆ ಚೌಕಾಬಾರ ಆಟ ಹೇಳಿಕೊಟ್ಟೆ. ಸೀಮೆಸುಣ್ಣದಲ್ಲಿ ಬರೆದ 25 ಮನೆ, ಅಜ್ಜಿಯ ನಾಲ್ಕು ಕವಡೆ. ನಾಲ್ಕೂ ಕವುಚಿ ಬಿದ್ದರೆ 8, ಅದಕ್ಕೆ ಬಾರಾ ಅಂತಾರೆ. ಅಜ್ಜಿಯಂತೆಯೇ "ಬಾರಾ!" ಎಂದು ಕೂಗಿದೆ. ಮುಂದಿನ ಭಾನುವಾರಕ್ಕೂ ಮಕ್ಕಳು ಕರೆದಿದ್ದಾರೆ.