ಮೊದಲ ಪಂದ್ಯದಲ್ಲೇ 13–1ರಲ್ಲಿ ಸೋತ ತಂಡ ಮತ್ತೆ ಟೂರ್ನಿಗೆ ಬರಬೇಕಂದ್ರೆ ಏನು ಮಾಡಬೇಕು?

ಲ್ಯಾನ್‌ಮನೆ_ಹುಬ್ಬಳ್ಳಿ:
ನಮ್ಮ ಗೇಮಿಂಗ್ ಕೆಫೆಯಲ್ಲಿ ತಿಂಗಳಿಗೊಂದು ವ್ಯಾಲೊರಂಟ್ ಟೂರ್ನಿ (ಐದೈದು ಜನರ ಶೂಟಿಂಗ್ ಆಟ, ಮೊದಲು 13 ರೌಂಡ್ ಗೆದ್ದವರದ್ದು ಪಂದ್ಯ). 16 ತಂಡ, 20 ಪಿಸಿ, ಒಂದೇ ಭಾನುವಾರ. ಚೀಟಿ ಎತ್ತಿ ಜೋಡಿ ಹಾಕೋದು, ನಾಕೌಟ್. ಆಟದ ಅತಿ ಮೇಲಿನ ಇಮ್ಮಾರ್ಟಲ್, ರೇಡಿಯಂಟ್ ದರ್ಜೆಯವರಿರುವ ಒಂದೆರಡು ತಂಡ ಪ್ರತಿ ಸಲ ಬರುತ್ತವೆ. ಕೆಳಗಿನ ಸಿಲ್ವರ್, ಗೋಲ್ಡ್ ಮಟ್ಟದ ಕಾಲೇಜು ಹುಡುಗರು ಮೊದಲ ಸುತ್ತಿನಲ್ಲೇ ಅವರ ಕೈಗೆ ಸಿಕ್ಕರೆ ಮುಗೀತು, ಮುಂದಿನ ತಿಂಗಳು ಹೆಸರೇ ಕೊಡಲ್ಲ. ಹಾಗಂತ ಬಲವಾದವರಿಗೆ ಬರಬೇಡಿ ಅನ್ನೋದೂ ಸರಿಯಲ್ಲ, ಅವರ ಆಟ ನೋಡೋಕೇ ಜನ ಸೇರೋದು. ಪ್ಯಾಟರ್ನ್ ಹೇಗೆ ಬದಲಾಯಿಸಲಿ?

ಬ್ರ್ಯಾಕೆಟ್_ಭಟ್ಟ:
ಲೆಕ್ಕ ನೋಡಿ. 16 ತಂಡದ ನಾಕೌಟ್ ಅಂದ್ರೆ 15 ಪಂದ್ಯ. ಎಂಟು ತಂಡ, ಅಂದ್ರೆ 40 ಜನ, ಒಂದೇ ಪಂದ್ಯ ಆಡಿ ಮನೆಗೆ ಹೋಗ್ತಾರೆ. ಫೀಸು ಕೊಟ್ಟು, ಊರಾಚೆಯಿಂದ ಬಸ್ ಹತ್ತಿ ಬಂದವರಿಗೆ ಅರ್ಧ ಗಂಟೆಯ ಆಟ. ಸೋತದ್ದಕ್ಕಿಂತ ಅದು ಹೆಚ್ಚು ಚುಚ್ಚುತ್ತದೆ.

ಪ್ರತಿ ಸುತ್ತಿಗೂ ಸಮ ಗೆಲುವಿನ ತಂಡಗಳನ್ನೇ ಎದುರು ಹಾಕುತ್ತ ಮೂರು ಗೆಲುವು ಅಥವಾ ಮೂರು ಸೋಲಿನವರೆಗೆ ಆಡಿಸುವ ಸ್ವಿಸ್ ಎಲ್ಲಕ್ಕಿಂತ ನ್ಯಾಯವಾದ ಪದ್ಧತಿ, ಆದರೆ 16 ತಂಡಕ್ಕೆ 33 ಪಂದ್ಯ ಬೇಕು. 20 ಪಿಸಿಯಲ್ಲಿ ಒಮ್ಮೆಗೆ ಎರಡೇ ಪಂದ್ಯ. ಸಿದ್ಧತೆ ಸೇರಿ ಪಂದ್ಯಕ್ಕೆ 50 ನಿಮಿಷ ಹಿಡಿದರೂ 14 ಗಂಟೆ. ಒಂದು ದಿನದಲ್ಲಿ ಆಗದ ಮಾತು.

ನಿಮಗೆ ಹೊಂದುವುದು ರಣಜಿಯಲ್ಲಿರುವಂಥ ಪ್ಲೇಟ್ ಗುಂಪು. ಮೊದಲ ಸುತ್ತಲ್ಲಿ ಗೆದ್ದ ಎಂಟು ತಂಡಗಳಿಗೆ ಒಂದು ನಾಕೌಟ್, ಸೋತ ಎಂಟಕ್ಕೆ ಇನ್ನೊಂದು. 8+7+7, ಒಟ್ಟು 22 ಪಂದ್ಯ. ಎಲ್ಲರಿಗೂ ಕನಿಷ್ಠ ಎರಡು ಪಂದ್ಯ ಖಾತ್ರಿ. ಪ್ಲೇಟ್ ಫೈನಲ್ಲನ್ನು ಮುಖ್ಯ ಫೈನಲ್ ಜೊತೆ ನಡೆಸಬೇಡಿ. ಮೊದಲು ಅದೊಂದನ್ನೇ ಆಡಿಸಿ, ಜನ ಆಗಲೇ ಸೇರಿರ್ತಾರೆ. ಒಟ್ಟು 12 ಸರದಿ, ಹತ್ತು ಗಂಟೆ. ಬೆಳಗ್ಗೆ 9ಕ್ಕೆ ಶುರು ಮಾಡಿದರೆ ರಾತ್ರಿ ಊಟದೊಳಗೆ ಮುಗಿಯುತ್ತದೆ.

ಚೀಟಿ ಎತ್ತೋದನ್ನು ಮಾತ್ರ ಇವತ್ತೇ ಬಿಡಿ. ಬಲದ ಪ್ರಕಾರ 1ರಿಂದ 16ರವರೆಗೆ ಪಟ್ಟಿ ಮಾಡಿ, ಚೆಸ್ ಸ್ವಿಸ್‌ನ ಮೊದಲ ಸುತ್ತಿನ ಹಾಗೆ 1ಕ್ಕೆ 9, 2ಕ್ಕೆ 10, ಹೀಗೆ 8ಕ್ಕೆ 16 ಹಾಕಿ. 1ಕ್ಕೆ 16 ಹಾಕಿದರೆ ತೀರಾ ಹೊಸಬರು ತೀರಾ ಬಲಿಷ್ಠರ ಎದುರು ಕೂರಬೇಕಾಗುತ್ತದೆ, ನಿಮ್ಮ ಸಮಸ್ಯೆ ಹುಟ್ಟೋದೇ ಅಲ್ಲಿ.

ಲ್ಯಾನ್‌ಮನೆ_ಹುಬ್ಬಳ್ಳಿ:
ಬಲ ಅಳೆಯೋದು ಹೇಗೆ? ಬೇರೆ ಅಕೌಂಟ್ ತಂದು "ನಾನು ಗೋಲ್ಡ್" ಅಂತಾರಲ್ಲ. ಪ್ಲೇಟ್ ಗೆಲ್ಲೋಕೆ ಬೇಕಂತಲೇ ಸೋತರೆ?

ರ‍್ಯಾಂಕ್_ರಂಗಣ್ಣ:
ಐರನ್‌ಗೆ 1, ಬ್ರಾಂಜ್ 2, ಸಿಲ್ವರ್ 3, ಗೋಲ್ಡ್ 4, ಪ್ಲಾಟಿನಂ 5, ಡೈಮಂಡ್ 6, ಅಸೆಂಡೆಂಟ್ 7, ಇಮ್ಮಾರ್ಟಲ್ 8, ರೇಡಿಯಂಟ್ 9. ಐದೂ ಜನರ ಅಂಕ ಕೂಡಿ. ಇವತ್ತಿನ ರ‍್ಯಾಂಕ್ ಹಿಡಿಯಬೇಡಿ, ಹಿಂದಿನ ಆ್ಯಕ್ಟ್‌ಗಳಲ್ಲಿ (ಆಟದ ರ‍್ಯಾಂಕ್ ಅವಧಿಗಳಲ್ಲಿ) ಮುಟ್ಟಿದ ಅತಿ ಮೇಲಿನ ರ‍್ಯಾಂಕ್ ಹಿಡಿಯಿರಿ. ಹೆಸರು ಬರೆಸುವಾಗ ಆಟಗಾರ ನಿಮ್ಮ ಮುಂದೆಯೇ ಲಾಗಿನ್ ಆಗಿ ಕರಿಯರ್ ಪುಟ ತೋರಿಸಲಿ. ಸ್ಕ್ರೀನ್‌ಶಾಟ್ ನಂಬಬೇಡಿ. ರ‍್ಯಾಂಕ್ ಪಂದ್ಯ ಆಡಲು ಅಕೌಂಟ್ 20ನೇ ಲೆವೆಲ್ ಮುಟ್ಟಿರಬೇಕು. 25–30ನೇ ಲೆವೆಲ್‌ನಲ್ಲೇ ಡೈಮಂಡ್ ಇದ್ದರೆ ಅದು ಎರಡನೇ ಅಕೌಂಟ್ ಅಂತ ಅನುಮಾನಿಸಿ, ಹಳೇದನ್ನು ಕೇಳಿ.

ಒಟ್ಟು 25 ದಾಟಿದ ತಂಡ ಸೋತು ಪ್ಲೇಟ್‌ಗೆ ಬಂದರೆ ಆಡಲಿ, ಆದರೆ ಬಹುಮಾನ ಇಲ್ಲ ಅಂತ ಮೊದಲೇ ಬರೆದು ಹಾಕಿ. 8+5+4+4+4 ಅಂದ್ರೆ 25. ಒಬ್ಬ ಇಮ್ಮಾರ್ಟಲ್ ಗೆಳೆಯನನ್ನು ಕಟ್ಟಿಕೊಂಡು ಬರೋಕೆ ಅಡ್ಡಿಯಿಲ್ಲ, ಇಬ್ಬರನ್ನು ತರೋದು ಕಷ್ಟ. ಪ್ಲೇಟ್ ಬಹುಮಾನ ನಗದು ಬೇಡ, ಕೆಫೆಯ ಆಟದ ಗಂಟೆಗಳನ್ನು ಕೊಡಿ. ದುಡ್ಡಿಗೆ ಬರೋರಿಗೆ ಅದು ಬೇಕಿಲ್ಲ. ಕಾಲೇಜು ಹುಡುಗರಿಗೆ ಬೇಕು, ಅದನ್ನು ಖರ್ಚು ಮಾಡೋಕೆ ಅವರು ಮತ್ತೆ ನಿಮ್ಮಲ್ಲಿಗೇ ಬರಬೇಕು.

ಇದನ್ನೆಲ್ಲ ಬಲವಾದವರು ತಮ್ಮ ವಿರುದ್ಧ ಅಂದ್ಕೋಬಾರದು. ಕಾಲ್ ಆಫ್ ಡ್ಯೂಟಿ ಅನ್ನೋ ಇನ್ನೊಂದು ಶೂಟಿಂಗ್ ಆಟದವರು ಜೋಡಿ ಹಾಕುವಾಗ ಕೌಶಲಕ್ಕೆ ಕೊಡುವ ತೂಕ ತಗ್ಗಿಸಿ ನೋಡಿ, ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿದರು. ಶೇ 90ರಷ್ಟು ಆಟಗಾರರು ಮರಳಿ ಬರುವ ಪ್ರಮಾಣ ಇಳಿಯಿತು, ಪಂದ್ಯದ ನಡುವೆಯೇ ಎದ್ದುಹೋಗುವವರು ಹೆಚ್ಚಿದರು. ತಳದವರು ಹೋದಾಗ ಅವರ ಮೇಲಿನ ಮೆಟ್ಟಿಲಿನವರೇ ತಳ ಆಗ್ತಾರೆ, ಆಮೇಲೆ ಅವರೂ ಸೋತು ಸೋತು ಹೊರಡ್ತಾರೆ.

ಇಕೋ_ರೌಂಡ್:
ಜೋಡಿ ಎಷ್ಟೇ ಸರಿಯಾಗಿ ಹಾಕಿದರೂ 13–1 ಪೂರ್ತಿ ತಪ್ಪಲ್ಲ. ಯಾಕಂದ್ರೆ ಆ ಸ್ಕೋರ್ ಬರೀ ಗುರಿಯ ವ್ಯತ್ಯಾಸ ಅಲ್ಲ, ಶಸ್ತ್ರ ಕೊಳ್ಳೋಕೆ ಆಟದೊಳಗೆ ಸಿಗುವ ದುಡ್ಡಿನ ತಪ್ಪೂ ಅದರಲ್ಲಿದೆ. ಮೊದಲ ರೌಂಡ್‌ಗೆ ಒಬ್ಬೊಬ್ಬರಿಗೆ ಸಿಗೋದು 800, ಅದನ್ನು ಖರ್ಚು ಮಾಡಿ ಸೋತರೆ 1900 ಬರುತ್ತದೆ. ಹೊಸಬರು ಗಾಬರಿಯಾಗಿ ಎರಡನೇ ರೌಂಡ್‌ನಲ್ಲೇ 1600 ಕೊಟ್ಟು ಸ್ಪೆಕ್ಟರ್ ಗನ್ ತಗೋತಾರೆ. ಅದನ್ನೂ ಸೋತರೆ ಉಳಿದ 300ಕ್ಕೆ 2400 ಸೇರಿ 2700. ವ್ಯಾಂಡಲ್ ರೈಫಲ್ ಬೆಲೆ 2900. ಮೂರನೇ ರೌಂಡ್‌ನಲ್ಲಿ ಎದುರಾಳಿ ಕೈಯಲ್ಲಿ ರೈಫಲ್ ಇರುವಾಗ ಇವರಿಗೆ 200 ಕಡಿಮೆ!

ಎರಡನೇ ರೌಂಡ್‌ನಲ್ಲಿ ಏನೂ ಕೊಳ್ಳದೆ ಕೂತಿದ್ದರೆ 1900ಕ್ಕೆ 2400 ಸೇರಿ 4300. ವ್ಯಾಂಡಲ್ 2900, ದಪ್ಪ ಶೀಲ್ಡ್ 1000, ಇನ್ನೂ 400 ಉಳಿಯುತ್ತದೆ. ಬಲವಾದ ತಂಡದ ಎದುರೂ ಮೂರನೇ ರೌಂಡ್ ಸಮಸಮ ಶಸ್ತ್ರದಲ್ಲಿ ಆಡಬಹುದು. ಹನ್ನೆರಡು ರೌಂಡ್ ಆದ ಮೇಲೆ ಬದಿ ಬದಲಾಗಿ 13ನೇ ರೌಂಡ್‌ನಲ್ಲಿ ಮತ್ತೆ ಇದೇ ಲೆಕ್ಕ.

ಈ ನಾಲ್ಕು ಸಾಲನ್ನು ಕನ್ನಡದಲ್ಲೇ ಅಚ್ಚು ಹಾಕಿಸಿ ಪ್ರತಿ ಮಾನಿಟರ್ ಪಕ್ಕ ಅಂಟಿಸಿ. ಸೋತರೂ ಐದಾರು ರೌಂಡ್ ಕೈಗೆ ಬಂದ ಹುಡುಗ ಎದ್ದು ಹೋಗುವಾಗ ಕೇಳೋ ಮೊದಲ ಪ್ರಶ್ನೆ, "ಮುಂದಿನ ಟೂರ್ನಿ ಯಾವಾಗ ಅಣ್ಣಾ?"

ಲ್ಯಾನ್‌ಮನೆ_ಹುಬ್ಬಳ್ಳಿ:
ಮುಂದಿನ ತಿಂಗಳಿಂದ ಚೀಟಿ ಬಂದ್. ಅಂಕದ ಪಟ್ಟಿ, ಪ್ಲೇಟ್, 25ರ ನಿಯಮ ಮೂರನ್ನೂ ಹೆಸರು ಬರೆಸುವ ಫಾರಂನಲ್ಲೇ ಹಾಕ್ತೀನಿ. 12 ಸರದಿಯ ವೇಳಾಪಟ್ಟಿ ಯಾರ ಹತ್ತಿರ ಸಿದ್ಧ ಇದ್ದರೆ ಕಳಿಸಿ.