ಪದಚರ್ಚೆ: ‘ಮ್ಯಾನುಯಲ್ ವಾಲ್ವ್ ಬಾಡಿ’ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಬಂಡೆ, ಗುಡ್ಡ, ಎರೆಮಣ್ಣಿನ ದಾರಿಗೆ ಜೀಪು ಸಜ್ಜು ಮಾಡುವವರಿಗಾಗಿ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ, ಕರಡು ತಿದ್ದುವ ಕೆಲಸ ನನ್ನದು. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ‘ಮ್ಯಾನುಯಲ್ ವಾಲ್ವ್ ಬಾಡಿ’ ಆರಿಸುವುದು ಹೇಗೆ ಎಂಬ ಅಧ್ಯಾಯದಲ್ಲಿ ಅನುವಾದಕರು ಅದನ್ನು ‘ಕೈಚಾಲಿತ ಕವಾಟದ ಕವಚ’ ಎಂದಿದ್ದಾರೆ. ‘ರಿವರ್ಸ್ ಪ್ಯಾಟರ್ನ್’ ಅವರ ಕೈಯಲ್ಲಿ ‘ಹಿಮ್ಮುಖ ವಿನ್ಯಾಸ’ ಆಗಿದೆ. ಮೆಕ್ಯಾನಿಕ್ಕಿಗೂ ಗಾಡಿಯ ಮಾಲೀಕರಿಗೂ ಒಂದೇ ಅರ್ಥ ಕೊಡುವ ಮಾತು ಯಾವುದು, ತಿಳಿದವರು ಹೇಳಬೇಕು.
— ದಾವಣಗೆರೆಯಿಂದ

ಸರ್, ಮೊದಲು ‘ಕವಚ’ ತೆಗೆಸಿ. ನಲ್ಲಿ ಕೆಲಸದವರು ವಾಲ್ವ್ ಬಾಡಿ ಅಂದರೆ ವಾಲ್ವಿನ ಹೊರಚಿಪ್ಪು, ಅಲ್ಲಿ ಕವಚ ಸರಿ. ಗೇರ್‌ಬಾಕ್ಸಿನಲ್ಲಿ ಅದೇ ಹೆಸರು ಬೇರೊಂದು ವಸ್ತುವಿಗೆ. ಆಯಿಲ್ ಪ್ಯಾನ್ ಬಿಚ್ಚಿದರೆ ಮೇಲ್ಗಡೆ ಕಾಣುವ ಎರಕದ ತುಂಡು ಅದು, 727ರಂಥವುಗಳಲ್ಲಿ ಅಲ್ಯೂಮಿನಿಯಂನದು. ಒಳಗೆಲ್ಲ ಅಂಕುಡೊಂಕು ಎಣ್ಣೆದಾರಿಗಳು, ಅವುಗಳಲ್ಲಿ ಹಿಂದೆ ಮುಂದೆ ಸರಿಯುವ ವಾಲ್ವ್‌ಗಳು, ಸ್ಪ್ರಿಂಗ್‌ಗಳು, ಸಣ್ಣ ಉಕ್ಕಿನ ಗುಂಡುಗಳು, ನಡುವೆ ತೂತುಗಳಿರುವ ಒಂದು ತಗಡು. ಯಾವ ಕ್ಲಚ್‌ಗೆ, ಯಾವ ಬ್ಯಾಂಡಿಗೆ (ಡ್ರಮ್ಮನ್ನು ಸುತ್ತಿ ಬಿಗಿಹಿಡಿಯುವ ಪಟ್ಟಿಗೆ) ಎಣ್ಣೆಯ ಒತ್ತಡ ಹೋಗಬೇಕೆಂದು ತೀರ್ಮಾನಿಸುವುದು ಇದೇ. ಸೂಳೆಕೆರೆಯಲ್ಲಿ ತೂಬು, ನಾಲೆ, ನೀರಗಂಟಿ ಮೂವರೂ ಸೇರಿ ಮಾಡುವ ಕೆಲಸವನ್ನು ಇಲ್ಲಿ ಒಂದೇ ತುಂಡು ಮಾಡುತ್ತದೆ. ಇದಕ್ಕೆ ಕವಚ ಅಂದರೆ ಓದುಗ ಖಾಲಿ ಡಬ್ಬ ತರಿಸಿಯಾನು.

‘ಕವಾಟ’ ಪಠ್ಯಪುಸ್ತಕದ ಹೃದಯಕ್ಕೆ ಸಾಕು. ಗ್ಯಾರೇಜಿನಲ್ಲಿ ವಾಲ್ವ್, ಬಾಯಿಮಾತಿನಲ್ಲಿ ವಾಲು. ‘ವಾಲ್ವ್ ಬಾಡಿ’ ಹಾಗೇ ಇರಲಿ.

ನಿಜವಾದ ತೊಡಕು ‘ಮ್ಯಾನುಯಲ್’ ಎಂಬಲ್ಲಿ. ‘ಮ್ಯಾನುಯಲ್ ವಾಲ್ವ್’ ಎಂಬ ಬಿಡಿಭಾಗ ಹಳೆಯ ಆಟೊಮ್ಯಾಟಿಕ್ ಪೆಟ್ಟಿಗೆಗಳಲ್ಲೆಲ್ಲ ಮೊದಲಿನಿಂದಲೂ ಇದೆ. ಚಾಲಕನ ಲಿವರಿಗೆ ಕೊಂಡಿ ಹಾಕಿಕೊಂಡು ಪಿ, ಆರ್, ಎನ್, ಡಿ (ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್) ಎಂದು ಸರಿಯುವ ವಾಲ್ವ್ ಅದು. ಕರಡಿನ ‘ಕೈಚಾಲಿತ ಕವಾಟದ’ ಎಂಬ ಷಷ್ಠಿ ಓದುಗನನ್ನು ಅದರ ಕಡೆಗೇ ಎಳೆಯುತ್ತದೆ. ಪದ ಬಿಡಿಸಬೇಕಾದ್ದು ‘ಮ್ಯಾನುಯಲ್ + ವಾಲ್ವ್ ಬಾಡಿ’ ಎಂದು: ವೇಗ ನೋಡಿ ತಾನೇ ಗೇರ್ ಏರಿಸುವ ಏರ್ಪಾಡನ್ನು ತೆಗೆದುಹಾಕಿ, ಲಿವರ್ ಸರಿಸಿದಾಗ ಮಾತ್ರ ಗೇರ್ ಬದಲಾಗುವಂತೆ ಮಾಡಿದ ವಾಲ್ವ್ ಬಾಡಿ. ಕ್ಲಚ್ ಪೆಡಲ್ ಬರುವುದಿಲ್ಲ, ಎಣ್ಣೆಯ ಮೂಲಕ ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಹೋಗುವುದಿಲ್ಲ. ‘ಮ್ಯಾನುಯಲ್ ಗಾಡಿ’ ಎಂದರೆ ಕ್ಲಚ್ ಗಾಡಿ ಎಂದೇ ರೂಢಿಯಾಗಿರುವ ನಮ್ಮಲ್ಲಿ ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಬೇಕು. ಈಗಿನ ಎಸ್‌ಯುವಿಗಳ ‘ಎಂ’ ಗುರುತೂ ಇದಲ್ಲ. ಅಲ್ಲಿ ಪ್ಲಸ್ ಒತ್ತಿದರೆ ಕಂಪ್ಯೂಟರಿಗೆ ಅರ್ಜಿ ಹಾಕಿದಂತೆ, ಮಂಜೂರು ಮಾಡುವುದು ಬಿಡುವುದು ಅದರ ಇಷ್ಟ.

ನನ್ನ ಸಲಹೆ: ಮೊದಲ ಸಲ ‘ಕೈಯಿಂದಲೇ ಗೇರ್ ಬದಲಿಸುವ ವಾಲ್ವ್ ಬಾಡಿ’ ಎಂದು ಬಿಡಿಸಿ ಬರೆದು, ಆಮೇಲೆ ‘ಮ್ಯಾನುಯಲ್ ವಾಲ್ವ್ ಬಾಡಿ’ ಎಂದೇ ಮುಂದುವರಿಸಿ. ‘ಕೈಗೇರು’ ಎಂದು ಹೊಸದಾಗಿ ಟಂಕಿಸುವುದು ಬೇಡ, ಮತ್ತೆ ಕ್ಲಚ್ ಗಾಡಿಯೇ ನೆನಪಾಗುತ್ತದೆ.

‘ಹಿಮ್ಮುಖ ವಿನ್ಯಾಸ’ ಅಪಾಯದ ಮಾತು, ರಿವರ್ಸ್ ಗೇರಿಗೂ ಇದಕ್ಕೂ ಸಂಬಂಧವೇ ಇಲ್ಲ. ಮೂರು ಗೇರಿನ ಪೆಟ್ಟಿಗೆಯಲ್ಲಿ ಕಂಪನಿಯ ಕ್ರಮ ಪಿ-ಆರ್-ಎನ್-ಡಿ-2-1, ಡಿ ಎಂದರೆ ಮೂರರವರೆಗೆ. ಅದನ್ನು ಪಿ-ಆರ್-ಎನ್-1-2-3 ಎಂದು ತಿರುವಿದರೆ ರಿವರ್ಸ್ ಪ್ಯಾಟರ್ನ್. ‘ತಿರುವಿದ ಗೇರ್ ಕ್ರಮ’ ಎಂದು ಬರೆದು ಪಕ್ಕದಲ್ಲೇ 1-2-3 ಎಂದು ಹಾಕಿ. ಬಂಡೆಯ ಮೇಲೆ ಹಿಂದೆ ಮುಂದೆ ಆಡಿಸುವವರಿಗೆ ಒಂದನೇ ಗೇರು ನ್ಯೂಟ್ರಲ್ಲಿನ ಪಕ್ಕದಲ್ಲೇ ಸಿಗುವುದು ಅನುಕೂಲ. ಆದರೆ ಲಿವರಿನ ಕಚ್ಚುಗಳೂ ಅದೇ ಕ್ರಮಕ್ಕೆ ಹೊಂದಬೇಕು. ಹಳೆಯ ಲಿವರನ್ನೇ ಉಳಿಸಿಕೊಂಡರೆ ಡಿ ಅಂದುಕೊಂಡು ಒಂದನೇ ಗೇರಿಗೆ ಹಾಕಿ ಹೆದ್ದಾರಿಯಲ್ಲಿ ಎಂಜಿನ್ ಕಿರುಚಿಸುತ್ತಾರೆ.
— ಚಿತ್ರದುರ್ಗದಿಂದ

ಉಪಕಾರವಾಯಿತು ಸರ್. ಇನ್ನೊಂದು ಕಡೆ ಸಿಕ್ಕಿಬಿದ್ದಿದ್ದೇನೆ. ‘ಲೋ ಬ್ಯಾಂಡ್ ಅಪ್ಲೈ’ ಎಂಬಲ್ಲಿ ‘ಕಡಿಮೆ ಪಟ್ಟಿ ಅನ್ವಯ’ ಎಂದಿದೆ. ಬಿಟ್ಟುಬಿಟ್ಟರೆ ನಡೆದೀತೇ?
— ದಾವಣಗೆರೆಯಿಂದ

ಬಿಡಲೇಬೇಡಿ, ಕೊಳ್ಳುವವನು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಕ್ರೈಸ್ಲರ್‌ನ ಮೂರು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆ ಟಾರ್ಕ್‌ಫ್ಲೈಟ್ 727 ತಗೊಳ್ಳಿ. ಡಿ ಯಲ್ಲಿ ಹೊರಟಾಗ ಒಂದನೇ ಗೇರನ್ನು ಹಿಡಿಯುವುದು ಒಂದೇ ದಿಕ್ಕಿಗೆ ಕಚ್ಚುವ ಕ್ಲಚ್. ಇಳಿಜಾರಿನಲ್ಲಿ ಚಕ್ರವೇ ಎಂಜಿನ್ನನ್ನು ತಳ್ಳತೊಡಗಿದಾಗ ಅದು ಬಿಟ್ಟುಕೊಡುತ್ತದೆ, ಗಾಡಿ ಜಾರುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ. ಲಿವರನ್ನು 1ಕ್ಕೆ ಎಳೆದಾಗ ಹಿಂದಿನ ಬ್ಯಾಂಡೂ (ಇದೇ ಲೋ ಬ್ಯಾಂಡ್) ಡ್ರಮ್ಮನ್ನು ಬಿಗಿಹಿಡಿಯುವುದರಿಂದ ಎಂಜಿನ್ ಹಿಡಿತ ಸಿಗುತ್ತದೆ, ಒಮ್ಮುಖ ಕ್ಲಚ್ಚಿಗೂ ರಕ್ಷಣೆ. ರೇಸಿಗೆಂದು ಮಾಡಿದ ಕೆಲವು ವಾಲ್ವ್ ಬಾಡಿಗಳಲ್ಲಿ ಈ ಏರ್ಪಾಡು ಇರುವುದಿಲ್ಲ. ಬಂಡೆ ಇಳಿಯುವ ಗಾಡಿಗೆ ಅಂಥದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ‘ಒಂದನೇ ಗೇರಿನಲ್ಲಿ ಲೋ ಬ್ಯಾಂಡ್ ಬಿಗಿಯುತ್ತದೆ’ ಎಂದು ಪೂರ್ತಿ ವಾಕ್ಯ ಬರೆಯಿರಿ, ನಾಮಪದ ಕಟ್ಟಲು ಹೋಗಬೇಡಿ. 727ರ ಎರಡನೇ ಗೇರು ಹೇಗೂ ಮುಂದಿನ ಬ್ಯಾಂಡಿನಿಂದ ನಿಲ್ಲುವುದರಿಂದ ಅಲ್ಲಿ ಹಿಡಿತದ ಚಿಂತೆಯಿಲ್ಲ. ಜನರಲ್ ಮೋಟರ್ಸ್‌ನ ಟರ್ಬೊ 400 ಪೆಟ್ಟಿಗೆ ಆದರೆ ಎರಡನೇ ಗೇರಿಗೂ ಇದೇ ಪ್ರಶ್ನೆ ಕೇಳಬೇಕು.

ಇನ್ನೊಂದು ಎಚ್ಚರಿಕೆ ಕರಡಿನಲ್ಲಿ ಇರದಿದ್ದರೆ ಸೇರಿಸಿ. ಪೂರ್ತಿ ಮ್ಯಾನುಯಲ್ ಆದಮೇಲೆ ಗಾಡಿ ನಿಲ್ಲಿಸಿದಾಗ ಗೇರು ತಾನಾಗಿ ಇಳಿಯುವುದಿಲ್ಲ. ಮೂರರಲ್ಲೇ ಮರೆತು ಹೊರಟರೂ ಟಾರ್ಕ್ ಕನ್ವರ್ಟರ್ ಇರುವುದರಿಂದ ಎಂಜಿನ್ ಆಫ್ ಆಗುವುದಿಲ್ಲ, ಗಾಡಿ ಮಂದವಾಗಿ ಎಳೆಯುತ್ತದೆ ಅಷ್ಟೇ. ತಪ್ಪು ಗೊತ್ತಾಗುವ ಹೊತ್ತಿಗೆ ಎಣ್ಣೆ ಕಾದು ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಂದಿರುತ್ತದೆ. ಅದಕ್ಕೇ ಬೇರೆ ಆಯಿಲ್ ಕೂಲರ್, ಎಣ್ಣೆಯ ಶಾಖ ತೋರಿಸುವ ಮೀಟರ್ ಎರಡೂ ಬೇಕು.

ಕರಡಿನಲ್ಲಿ ಬಿಗಿತದ ಅಂಕಿಗಳನ್ನೂ ಒಮ್ಮೆ ನೋಡಿ. 727ರ ವಾಲ್ವ್ ಬಾಡಿಯ ಸಣ್ಣ ಸ್ಕ್ರೂಗಳಿಗೆ 35, ಬಾಡಿಯನ್ನು ಪೆಟ್ಟಿಗೆಗೆ ಕೂರಿಸುವ ಬೋಲ್ಟುಗಳಿಗೆ 100, ಹಿಂದಿನ ಬ್ಯಾಂಡಿಗೆ 72ಕ್ಕೆ ಬಿಗಿದು 2 ಸುತ್ತು ಸಡಿಲಿಕೆ. ಎಲ್ಲವೂ ಇಂಚ್-ಪೌಂಡ್. ಅನುವಾದಕರು ಬರೀ ‘ಪೌಂಡ್’ ಎಂದು ಬಿಟ್ಟಿದ್ದರೆ ಮೆಕ್ಯಾನಿಕ್ ಫುಟ್-ಪೌಂಡ್ ಅಂದುಕೊಂಡು 12 ಪಟ್ಟು ಬಿಗಿಯುತ್ತಾನೆ, ಅಲ್ಯೂಮಿನಿಯಂನ ಮರೆ (ಥ್ರೆಡ್) ಕಿತ್ತು ಬರುತ್ತದೆ. 35 ಎಂದರೆ ಸುಮಾರು 4 ನ್ಯೂಟನ್ ಮೀಟರ್, 100 ಎಂದರೆ ಸುಮಾರು 11. ಎರಡೂ ಮಾನಗಳನ್ನು ಜೊತೆಗೆ ಅಚ್ಚು ಹಾಕಿಸಿ.
— ಚಿತ್ರದುರ್ಗದಿಂದ